ಮುತ್ತಿನಕೊಪ್ಪದ ‘ಕೇ’

ಅಥವಾ ಆಗ ಮಳೆಯೇ ಇರಲಿಲ್ಲವೋ ಏನೋ. ಹಳ್ಳದ ಬಳಿ ಕೊಡೆ ಬಿಚ್ಚಿದ್ದು ನೆನಪಿದೆ. ಅದು ಮರದಿಂದ ತೊಟ್ಟಿಕ್ಕುವ ಹನಿಗೂ ಇರಬಹುದು. ಜೋರು ಮಳೆ ಬಂದಿದ್ದರೆ ನನಗೊಂದು ನೆಪವಾದರೂ ಇರುತ್ತಿತ್ತು. ಆದ್ದರಿಂದ ಮಳೆಯನ್ನು ನಾನೇ ಆಮೇಲೆ ಸೇರಿಸಿಕೊಂಡಿರುವ ಸಾಧ್ಯತೆಯಿದೆ.

ಜೂನ್ ತಿಂಗಳ ಒಂದು ಭಾನುವಾರ. ಶೃಂಗೇರಿಯಿಂದ ಮೊದಲ ಬಸ್ಸಿಗೆ ವಿಮಲಕ್ಕ ಕೊಪ್ಪಕ್ಕೆ ಬಂದಿಳಿದರು. ನಿವೃತ್ತ ಶಿಕ್ಷಕಿ, ನನಗಿಂತ ಆರು ವರ್ಷ ದೊಡ್ಡವರು. ನಮಗೆ ಪರಿಚಯವಾದದ್ದು ತುಂಗೆಯ ಮೆಟ್ಟಿಲ ಮೇಲೆ. ಬಂದವರೆಲ್ಲ ಮೀನುಗಳಿಗೆ ಮಂಡಕ್ಕಿ ಎಸೆಯುತ್ತಿದ್ದಾಗ ನಾವಿಬ್ಬರು ಮಾತ್ರ ಆಚೆ ದಡದ ಕೊಂಬೆಯಲ್ಲಿದ್ದ ಮಿಂಚುಳ್ಳಿಯನ್ನು ನೋಡುತ್ತ ನಿಂತಿದ್ದೆವು. ಮೊದಲು ಮಾತಾಡಿಸಿದ್ದು ಅವರು. ಅವರನ್ನು ಕೇಳಿದರೆ ನನ್ನನ್ನು ತೋರಿಸುತ್ತಾರೆ.

ಅಂದಿನಿಂದ ಹನ್ನೊಂದು ವರ್ಷ, ತಿಂಗಳಿಗೊಮ್ಮೆ, ಬಸ್ಸು ಹೋಗುವಷ್ಟು ದೂರ ಹಕ್ಕಿ ನೋಡಲು ಹೋಗುತ್ತಿದ್ದೆವು. ಪಟ್ಟಿ ಬರೆಯುವುದು ವಿಮಲಕ್ಕನ ನೋಟ್ ಪುಸ್ತಕದಲ್ಲಿ. ಕಂಡ ಹಕ್ಕಿಯ ಮುಂದೆ ‘ನೋ’, ಕೂಗು ಮಾತ್ರ ಕೇಳಿದ್ದರೆ ‘ಕೇ’. ಕಂಡದ್ದಕ್ಕೆ ಒಬ್ಬರ ಮಾತು ಸಾಕು. ‘ಕೇ’ ಬರೆಯಬೇಕಾದರೆ ಇಬ್ಬರೂ ಹೂಂ ಅನ್ನಬೇಕು.

ನರಸಿಂಹರಾಜಪುರಕ್ಕೆ ಖಾಸಗಿ ಬಸ್ಸಿನಲ್ಲಿ ಹೊರಟೆವು. ಟಿಕೆಟ್ಟು ತಲಾ ನಲವತ್ತೋ ನಲವತ್ತೈದೋ. ದಾರಿಯಲ್ಲಿ ಕಂಡಕ್ಟರು, “ಅಮ್ಮಾ, ನಿಮ್ಗೇ ಹೇಳೋದು, ಬ್ಯಾಗ್ ಈಚೆ ತಗೊಳ್ಳಿ” ಎಂದು ನನ್ನ ಭುಜ ತಟ್ಟಿದ. ಮೊದಲು ಎರಡು ಸಲ ಕೂಗಿದ್ದನಂತೆ. ವಿಮಲಕ್ಕ ಕಿಟಕಿಯಾಚೆ ನೋಡುತ್ತಿದ್ದರು.

ಪೇಟೆಯಲ್ಲಿ ಬನ್ಸ್ ತಿಂದು ಕಾಫಿ ಕುಡಿದು ಮುತ್ತಿನಕೊಪ್ಪದ ಕಡೆಗೆ ಆಟೋ ಹಿಡಿದೆವು. ಕಾಡಿನಂಚಿನಲ್ಲಿ ಇಳಿಸಿದ ಡ್ರೈವರ್, ನಮ್ಮ ಕೊರಳಲ್ಲಿದ್ದ ದುರ್ಬೀನು ನೋಡಿ ಕೇಳಿದ.

“ಎಂತ ಹುಡುಕ್ತೀರಿ ಇಲ್ಲಿ?”

“ಹಕ್ಕಿ” ಎಂದರು ವಿಮಲಕ್ಕ.

“ಕೋಳಿ ತಪ್ಪಿಸ್ಕೊಂಡಿದ್ದಾ?”

“ಹೂಂ ಮಾರಾಯ, ಶೃಂಗೇರಿಯಿಂದ ಓಡಿ ಬಂದಿದೆ.”

ನಕ್ಕೆವು. ಆ ದಿನ ನಕ್ಕದ್ದು ಅಷ್ಟೇ.

ಹಳ್ಳದ ಪಕ್ಕ ಬಂಡೆಯ ಮೇಲೆ ಕೂತೆವು. ಒಂದು ಕಾಜಾಣ ಕಂಡಿತು. ನೆತ್ತಿಯ ಮೇಲೆ ಜೋಡಿ ಮಂಗಟ್ಟೆಗಳು ಹಾದುಹೋದವು. ರೆಕ್ಕೆಯ ಭರಭರ ಸದ್ದು ನನಗೆ ಚೆನ್ನಾಗಿಯೇ ಕೇಳಿಸಿತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ವಿಮಲಕ್ಕ ತಟ್ಟನೆ ಬೆರಳೆತ್ತಿದರು.

“ಕೇಳ್ತಾ?”

ನನಗೆ ಕೇಳುತ್ತಿದ್ದದ್ದು ಹಳ್ಳದ ನೀರು.

“ಕಿರುಮಿಂಚುಳ್ಳಿ. ಹಳ್ಳ ದಾಟಿ ಹೋಯ್ತು.”

ಗುಬ್ಬಿಗಿಂತ ಚಿಕ್ಕ ಹಕ್ಕಿ ಅದು. ಮಳೆಗಾಲದಲ್ಲಿ ಹಳ್ಳದ ಪಕ್ಕದ ಮಣ್ಣಿನ ದರೆಯಲ್ಲಿ ಗೂಡು ಕೊರೆಯುತ್ತದೆ. ಕೂಗು ಸೂಜಿಯಷ್ಟು ಸಣ್ಣ. ಹನ್ನೊಂದು ವರ್ಷವೂ ನಮಗೆ ಸಿಕ್ಕಿರಲಿಲ್ಲ.

“ಹೂಂ” ಎಂದೆ.

ವಿಮಲಕ್ಕ ನನ್ನ ಮುಖವನ್ನೇ ನೋಡಿದರು. ಆಮೇಲೆ ಪೆನ್ಸಿಲ್ ತೆಗೆದು ಬರೆದರು. ಅವರಿಗೆ ಸಂತೋಷವಾಗಿದೆ ಎಂದುಕೊಂಡೆ. ಬುತ್ತಿ ಬಿಚ್ಚಿದರೂ ಅವರು ಅರ್ಧ ಚಪಾತಿಗಿಂತ ಹೆಚ್ಚು ತಿನ್ನಲಿಲ್ಲ.

ಮಧ್ಯಾಹ್ನ ಪೇಟೆಯ ಬಸ್‌ಸ್ಟ್ಯಾಂಡಿನ ಬೆಂಚಿನಲ್ಲಿ ಕೂತಾಗ ಅವರು ನನ್ನತ್ತ ಪೂರ್ತಿ ತಿರುಗಿ, ನಿಧಾನವಾಗಿ, ಪಾಠ ಓದಿಸುವವರ ಹಾಗೆ ಹೇಳಿದರು.

“ನಾ ಸುಮ್ನೆ ಹೇಳಿದ್ದು ಮಾರಾಯ್ತಿ. ಅಲ್ಲಿ ಎಂತದೂ ಕೂಗ್ಲಿಲ್ಲ.”

ನಾನು ದುರ್ಬೀನನ್ನು ಕೊರಳಿಂದ ತೆಗೆದು ಬ್ಯಾಗಿಗೆ ಹಾಕಿದೆ.

“ಹೋದ ವರ್ಷದಿಂದ ನೋಡ್ತಾ ಇದೀನಿ. ನಂಗೆ ಕೇಳಿದ್ದೆಲ್ಲ ನಿಂಗೂ ಕೇಳತ್ತೆ. ನಂಗೆ ಕೇಳದೇ ಇದ್ದದ್ದು ಒಂದೂ ನಿಂಗೆ ಕೇಳಿಲ್ಲ. ಕಿವಿ ಹೋದ್ರೆ ಹೋಗ್ಲಿ, ವಯಸ್ಸಾಯ್ತು. ಹೂಂ ಯಾಕೆ ಅಂದೆ?”

“ಇಲ್ಲ ಅಂದ್ರೆ ನೀವು ಬೇರೆ ಯಾರನ್ನಾದ್ರೂ ಕರ್ಕೊಂಡು ಹೋಗ್ತೀರಿ ಅಂತ.”

ಅವರು ಏನೋ ಅಂದರು. ಅಷ್ಟರಲ್ಲಿ ಬಸ್ಸು ಬಂತು. ಮತ್ತೊಮ್ಮೆ ಹೇಳಿ ಎನ್ನಲು ನನಗೆ ಬಾಯಿ ಬರಲಿಲ್ಲ.

ಕೊಪ್ಪದಲ್ಲಿ ಶೃಂಗೇರಿ ಬಸ್ಸು ಹತ್ತುವ ಮೊದಲು ನೋಟ್ ಪುಸ್ತಕವನ್ನು ನನ್ನ ಕೈಗಿಟ್ಟರು. “ನಿಜವಾಗಿ ಕೇಳಿದ್ದು ಯಾವ್ದು, ನೀನೇ ಗುರುತು ಹಾಕಿ ಕೊಡು.” ಕಿಟಕಿಯಿಂದ ಕೈಬೀಸಿದರು. ಬೀಸಿದ್ದು ನನಗೋ, ಮುಖಕ್ಕೆ ಬಂದ ನೊಣಕ್ಕೋ.

ಪುಸ್ತಕ ಈಗಲೂ ನನ್ನ ಬಳಿಯೇ ಇದೆ. ಎಷ್ಟು ‘ಕೇ’ಗಳ ಮುಂದೆ ಪೆನ್ಸಿಲ್ ಹಿಡಿದು ಕೂತರೂ ಯಾವುದು ಕಿವಿಗೆ ಬಿದ್ದದ್ದು, ಯಾವುದು ಅವರ ಮುಖ ನೋಡಿ ಹೇಳಿದ್ದು ಎಂದು ಬೇರ್ಪಡಿಸಲಾಗಿಲ್ಲ. ಮುತ್ತಿನಕೊಪ್ಪದ ಸಾಲನ್ನು ವಿಮಲಕ್ಕ ಹೊಡೆದುಹಾಕಿಲ್ಲ. ಸುಳ್ಳು ಬರೆದಿದ್ದರೆ ಅಳಿಸದೆ ಬಿಡುವವರಲ್ಲ ಅವರು. ಹಾಗಾದರೆ ಹಕ್ಕಿ ಕೂಗಿತ್ತೇ? ನನ್ನಿಂದ ನಿಜ ಹೊರಡಿಸಲು ಅವರು ಆಮೇಲೆ ಕೂಗಲಿಲ್ಲ ಎಂದರೇ? ಅಂದು ಹಳ್ಳದ ಮೇಲೆ ಕಿರುಮಿಂಚುಳ್ಳಿ ಹಾರಿತೋ ಇಲ್ಲವೋ ನನಗೆ ಗೊತ್ತಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಅವರು ಏನು ಅಂದರು ಎಂಬುದೂ ಗೊತ್ತಿಲ್ಲ.