ಮೇಲಿಂದ ಬಂದ ಆರ್ಡರು

ಈ ವಾರ ನಮ್ಮ ಬಜಾರದಲ್ಲಿ ಗಟಾರು ಅಗೆಯಲು ಜೆಸಿಬಿ ಬಂದಿದೆ. ಡೀಸೆಲ್ ಹೊಗೆ, ಒಡೆದ ಇಟ್ಟಂಗಿಯ ಧೂಳು... ಆ ವಾಸನೆ ಮೂಗಿಗೆ ಬಡಿದರೆ ಸಾಕು, ಬಳೆಗಾರ ಅಕ್ಕ ನೆನಪಾಗುತ್ತಾಳೆ. ಮೈ ಉರಿಯುತ್ತದೆ.

ರೋಣದ ಕಡೆಯ ನಮ್ಮೂರಲ್ಲಿ ಅವಳ ಅಂಗಡಿ ನನ್ನ ಹೊಲಿಗೆ ಅಂಗಡಿಗೆ ಅಂಟಿಕೊಂಡೇ ಇತ್ತು. ನನ್ನ ಚೊಚ್ಚಲ ಬಸುರಿನ ಕುಬಸಕ್ಕೆ ಹಸಿರು ಬಳೆ ಇಡಿಸಿದವಳೂ ಅವಳೇ. ಪಕ್ಕದೂರು ಅಬ್ಬಿಗೇರಿಯಿಂದಲೂ ಬಸುರಿಯರು ಅವಳ ಹತ್ತಿರ ಬರುತ್ತಿದ್ದರು. ಅವರಲ್ಲೊಬ್ಬಳು ಹೆರಿಗೆಗೆಂದು ದೂರದ ಆಸ್ಪತ್ರೆಗೆ ಹೋಗುವಾಗ ದಾರಿಯಲ್ಲೇ ತೀರಿಕೊಂಡಳು. ಕೆಲವೇ ದಿನಗಳಲ್ಲಿ ಮಂತ್ರಿಯೊಬ್ಬರು ಊರಿಗೆ ಬಂದರು. ಅಕ್ಕ ಜನರ ನಡುವೆ ಎದ್ದು ನಿಂತಳು.

"ಸಾಹೇಬ್ರ, ನಮ್ಮೂರ ದವಾಖಾನಿಗೆ ಡಾಕ್ಟರ್ನ ಯಾವಾಗ ಕೊಡ್ತೀರಿ? ಇನ್ನೆಷ್ಟ ಹೆಣ್ಮಕ್ಕಳು ದಾರ್ಯಾಗ ಸಾಯಬೇಕ್ರಿ?"

ಮಂತ್ರಿಯ ಹುಬ್ಬು ಗಂಟಿಕ್ಕಿತು. ಕಾರು ಹತ್ತಿ ಹೊರಟುಬಿಟ್ಟರು.

ಮರುದಿನ ಬೆಳಿಗ್ಗೆ ಜೆಸಿಬಿ ಬಂತು. ಇಡೀ ಸಾಲಿನಲ್ಲಿ ಅವಳ ಅಂಗಡಿ ಮಾತ್ರ ಅತಿಕ್ರಮಣವಂತೆ! ಒಂದೇ ಗೋಡೆಯ ಆಚೆ ಇದ್ದ ನನ್ನದಲ್ಲವಂತೆ.

"ನೋಟೀಸ್ ಎಲ್ಲೈತ್ರಿ?" ಎಂದಳು ಅಕ್ಕ.

"ಮ್ಯಾಲಿಂದ ಆರ್ಡರ್ ಐತಿ. ಸರಿ ಆ ಕಡೆ," ಎಂದ ಅಧಿಕಾರಿ.

"ಮ್ಯಾಲಿಂದ ಅಂದ್ರ ಯಾರು? ಹೆಸರ ಹೇಳ್ರಿ. ಕಾಯದೆ ನಮಗಷ್ಟ ಏನ್ರಿ, ಸರಕಾರಕ್ಕಿಲ್ಲೇನು?"

ಅಧಿಕಾರಿ ಕೈಸನ್ನೆ ಮಾಡಿದ. ನಾನು ಅಡ್ಡ ನಿಂತು ಕೂಗಾಡಿದೆ. ಪೊಲೀಸಿನವಳು ತೋಳು ಹಿಡಿದು ಎಳೆದಳು. ಗಾಜಿನ ಬಳೆಗಳು ಪೆಟ್ಟಿಗೆ ಸಮೇತ ಪುಡಿಯಾಗುವ ಸದ್ದು...

ಅಕ್ಕ ಧಾರವಾಡದ ಕೋರ್ಟಿಗೆ ಹೋದಳು. ವರ್ಷಗಟ್ಟಲೆ ಬಸ್ಸು ಹತ್ತಿ ಇಳಿದಳು. ಹೊಟ್ಟೆಪಾಡಿಗೆ ಬುಟ್ಟಿ ಹೊತ್ತು ಓಣಿ ಓಣಿ ತಿರುಗಿದಳು. "ಸಾಕು, ಬಿಟ್ಬಿಡ ಅಕ್ಕಾ" ಎಂದರೆ, "ಇವತ್ತ ನಾ ಹೆದರಿ ಬಿಟ್ರ, ನಾಳೆ ನಿನ್ನ ಅಂಗಡಿಗೆ ಬರ್ತಾರ ನೋಡವಾ" ಎನ್ನುತ್ತಿದ್ದಳು. ಕೊನೆಗೆ ಗೆದ್ದಳು. ನೋಟೀಸು ಕೊಡದೆ, ಅವಳ ಮಾತು ಕೇಳದೆ ಕೆಡವಿದ್ದು ಕಾನೂನುಬಾಹಿರ, ಸರ್ಕಾರವೇ ಕಟ್ಟಿಕೊಡಬೇಕು ಎಂದಿತು ಕೋರ್ಟು. ಆ ದಿನ ನಾವಿಬ್ಬರೂ ತಬ್ಬಿಕೊಂಡು ಅತ್ತೆವು.

ಸರ್ಕಾರ ಮೇಲ್ಮನವಿ ಹಾಕಿತು. ಸೋಲುವುದು ಗೊತ್ತಿದ್ದೂ ಎಳೆಯಿತು. ಅದು ವಜಾ ಆಗಿ ಗೋಡೆ ಏಳುವಷ್ಟರಲ್ಲಿ ಅಕ್ಕ ಇರಲಿಲ್ಲ. ಕೆಡವಿಸಿದ ಅಧಿಕಾರಿಗೆ ಬಡ್ತಿ ಸಿಕ್ಕಿತ್ತು. ಆರ್ಡರು ಕೊಟ್ಟವರ ಹೆಸರು ಇವತ್ತಿಗೂ ಯಾರೂ ಹೇಳಿಲ್ಲ.

ಈಗ ಆ ಅಂಗಡಿಗೆ ಹೊಸ ಶಟರ್ ಇದೆ, ತೆರೆಯುವವರಿಲ್ಲ. ಬಜಾರಕ್ಕೆ ಬಂದವರು ಅದನ್ನು ನೋಡಿ, "ಅಂತೂ ನ್ಯಾಯ ಸಿಕ್ತಲ್ರಿ" ಎನ್ನುತ್ತಾರೆ.

"ಯಾರಿಗೆ ಸಿಕ್ತ್ರಿ?" ಎಂದು ಕೇಳುತ್ತೇನೆ.