ಶಿರ್ವದ ಮನೆಯಲ್ಲಿ ಐದು ಪೆಟ್ಟಿಗೆ ಒಂದಾದದ್ದು

ಬೆಸುಗೆಯ ಬಿಸಿ ಕಡ್ಡಿಗೆ ರಾಳ ಕರಗುವ ವಾಸನೆ. ಚಿಕ್ಕಂದಿನಲ್ಲಿ ನಾನು ಅಪ್ಪನ ಜೊತೆ ಉಡುಪಿ ಪೇಟೆಯ ರೇಡಿಯೋ ಅಂಗಡಿಯ ಮೆಟ್ಟಿಲಲ್ಲಿ ಕಾಯುವಾಗ ಮೂಗಿಗೆ ಬರುತ್ತಿದ್ದ ಆ ವಾಸನೆ ಸ್ವಲ್ಪ ಧೂಪದಂತೆ, ಸ್ವಲ್ಪ ಸುಟ್ಟ ಬೆಲ್ಲದಂತೆ. ಈಗ ಬೆಳಗಿನ ಐದೂವರೆಗೆ ಅದೇ ವಾಸನೆ ಉಚ್ಚಿಲದ ಒಂದು ಪುಟ್ಟ ಮನೆಯ ಹಿಂದಿನ ಜಗಲಿಯಿಂದ ಬರುತ್ತಿದೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮಣೆಯ ಮೇಲೆ ಕುಳಿತು, ರತ್ನಾವತಿ ಒಂದು ವಯರಿಗೆ ಬೆಸುಗೆ ಹಾಕುತ್ತಿದ್ದಾರೆ. ಹಾಕಿ ಮುಗಿಸಿ ಸ್ಪೀಕರಿಗೆ ಕಿವಿ ಒತ್ತಿ ಕಣ್ಣು ಮುಚ್ಚುತ್ತಾರೆ.

"ಹಾಡು ಎಲ್ಲರಿಗೂ ಕೇಳ್ತದೆ. ಹಾಡು ಇಲ್ಲದಾಗ ಎಂತ ಕೇಳ್ತದೆ, ಅದನ್ನು ನೋಡಬೇಕು. ಸ್ಪೀಕರು ಹೊಂಯ್ ಅಂತ ಗುನುಗಿದರೆ ಕೆಲಸ ಬಾಕಿ ಉಂಟು ಅಂತ. ಏಳು ಗಂಟೆ ಮೇಲೆ ಹೆದ್ದಾರಿಯದ್ದೇ ಗಲಾಟೆ, ನನಗೆ ಏನೂ ಗೊತ್ತಾಗುವುದಿಲ್ಲ."

ರತ್ನಾವತಿಗೆ ಐವತ್ತೆಂಟು. ಎಸ್ಸೆಸ್ಸೆಲ್ಸಿ ಮುಗಿಸಿ ಬನ್ನಂಜೆಯ ರೇಡಿಯೋ ಅಂಗಡಿಗೆ ಗುಡಿಸುವ ಕೆಲಸಕ್ಕೆ ಸೇರಿದರು. ಯಜಮಾನರ ಕಿವಿ ಮಂದ. "ಹೊಂಯ್ ನಿಂತಿತಾ ನೋಡು" ಎಂದು ದಿನಕ್ಕೆ ಹತ್ತು ಸಲ ಕರೆಯುತ್ತಿದ್ದರಂತೆ. ನೋಡಿ ನೋಡಿ ಬೆಸುಗೆ ಕಡ್ಡಿಯೂ ಕೈಗೆ ಬಂತು. ಗಿರಾಕಿಗಳು ಬಂದು "ರಿಪೇರಿಯವರು ಇಲ್ವಾ?" ಎಂದು ಇವರನ್ನೇ ಕೇಳುತ್ತಿದ್ದ ಕಾಲವದು. "ಊಟಕ್ಕೆ ಹೋಗಿದ್ದಾರೆ ಅಂತ ಹೇಳಿ ನಾನೇ ರಿಪೇರಿ ಮಾಡಿ ಕೊಡ್ತಿದ್ದೆ. ನಾಲ್ಕು ವರ್ಷ ಆ ಮನುಷ್ಯ ಊಟದಿಂದ ಬರಲೇ ಇಲ್ಲ!" ಎಂದು ನಗುತ್ತಾರೆ.

ಅಂಗಡಿ ಮುಚ್ಚಿ ಹನ್ನೊಂದು ವರ್ಷ. ಈಗ ಭುಜಕ್ಕೊಂದು ಚೀಲ, ದಿನಕ್ಕೆ ಎರಡು ಮನೆ, ಐದಾರು ಬಸ್ಸು. ಕಾಪು, ಕಾರ್ಕಳ, ಮಣಿಪಾಲ, ಎಲ್ಲಿಂದಲೂ ಫೋನು ಬರುತ್ತದೆ. ಕೇಳುವುದು ಒಂದೇ: ಗಲ್ಫಿನಿಂದ ತಂದ ದೊಡ್ಡ ಸೆಟ್ಟನ್ನು ಸುಲಭ ಮಾಡಿಕೊಡಿ. ರೇಡಿಯೋ, ಸಿ.ಡಿ., ಫೋನಿನ ಹಾಡು, ಆಂಪ್ಲಿಫೈಯರ್ ಎಲ್ಲ ಒಳಗೇ ಇರುವ ಒಂದೇ ಪೆಟ್ಟಿಗೆಯನ್ನು ರತ್ನಾವತಿ ಅಲ್ಲಿ ಕೂರಿಸುತ್ತಾರೆ. ಹಳೆಯ ಸ್ಪೀಕರನ್ನು ಮಾತ್ರ ಬಿಡುವುದಿಲ್ಲ. "ಅದು ಮನೆಯ ಗಂಟಲು. ಗಂಟಲು ಬದಲಿಸಿದರೆ ಮನೆಯವರಿಗೆ ಗುರುತು ಸಿಗುವುದಿಲ್ಲ."

ಇವತ್ತಿನ ಮನೆ ಶಿರ್ವದಲ್ಲಿ. ನಾನೂ ಜೊತೆಗೆ ಬಂದಿದ್ದೇನೆ. ಅಲೋಶಿಯಸ್‌ಗೆ ಎಂಬತ್ತೊಂದು. ಕುವೈತಿನಲ್ಲಿ ಇಪ್ಪತ್ತಾರು ವರ್ಷ ದುಡಿದು, ರಜೆಗೆ ಬಂದಾಗ ಒಂದೊಂದರಂತೆ ಹಾಡಿನ ಸೆಟ್ಟಿನ ಐದು ಪೆಟ್ಟಿಗೆ ತಂದವರು. ಎಂಟು ತಿಂಗಳ ಹಿಂದೆ ಲಕ್ವ ಹೊಡೆದು ಬಲಗೈ ಸೋತಿದೆ. ಐದು ಸ್ವಿಚ್ಚು, ನಾಲ್ಕು ರಿಮೋಟು, ಒಂದು ಕೈಗೆ ಬಗ್ಗುವಂಥದ್ದಲ್ಲ. ಹೆಂಡತಿ ಬೆನೆಡಿಕ್ಟಾರನ್ನು ಕರೆದು ಹಾಕಿಸಿಕೊಳ್ಳಲು ಮನಸ್ಸಿಲ್ಲ. ಹಾಗಾಗಿ ಎಂಟು ತಿಂಗಳಿಂದ ಮನೆಯಲ್ಲಿ ಹಾಡಿಲ್ಲ. ಇನ್ನೊಂದನ್ನೂ ಅವರು ಬಿಟ್ಟಿದ್ದಾರೆ: ಯಾರಿಗೂ ಏನನ್ನೂ ಕೊಡುವುದನ್ನು. ಎಡಗೈಯಲ್ಲಿ ಕೊಡಬಾರದಲ್ಲ. ನನಗೆ ನೀರು ಬೇಕೆಂದಾಗ ಲೋಟ ಅವರ ಪಕ್ಕದಲ್ಲೇ ಇತ್ತು. ಅವರು ಹೆಂಡತಿಯನ್ನು ಕೂಗಿದರು.

"ನಾಲ್ಕು ತೆಗೆ, ರತ್ನಾ. ಈಕ್ವಲೈಸರ್ ಮಾತ್ರ ಮುಟ್ಟಬೇಡ" ಎನ್ನುತ್ತಾರೆ ಅಲೋಶಿಯಸ್. ಸ್ವರದ ದಪ್ಪ ತೆಳು ಹೊಂದಿಸುವ, ಹಾಡಿಗೆ ತಕ್ಕಂತೆ ಹಸಿರು ಕೆಂಪು ದೀಪ ಕುಣಿಯುವ ಪೆಟ್ಟಿಗೆ ಅದು. ಅದರ ಹತ್ತು ಕಡ್ಡಿಗಳನ್ನು ಮೇಲೆ ಕೆಳಗೆ ಸರಿಸಿ "ಈಗ ಕೇಳಿ ಬೇಸ್!" ಎಂದು ನೆಂಟರಿಗೆ ತೋರಿಸುವುದು ಅವರ ಸಂತೋಷವಾಗಿತ್ತು. "ಅದಿಲ್ಲದಿದ್ದರೆ ನನಗೆ ಹಾಡೇ ಬೇಡ."

ರತ್ನಾವತಿ ಸ್ಕ್ರೂಡ್ರೈವರ್ ಕೆಳಗಿಡುತ್ತಾರೆ. ಬೆನೆಡಿಕ್ಟಾರ ಮುಖ ನೋಡುತ್ತಾರೆ. ಆಕೆ ತಲೆ ತಗ್ಗಿಸುತ್ತಾರೆ.

"ಪೊರ್ಬುಗಳೇ, ಬೈಯಬೇಡಿ" ಎಂದು ರತ್ನಾವತಿ ಅಲೋಶಿಯಸರತ್ತ ತಿರುಗುತ್ತಾರೆ. "ಆ ಪೆಟ್ಟಿಗೆ ಸತ್ತು ಹದಿನೈದು ವರ್ಷ ಆಯಿತು. ನೀವು ಕುವೈತ್ ಬಿಟ್ಟು ಬಂದು ಬೇಜಾರಲ್ಲಿದ್ದ ಸಮಯ. ಇದೂ ಹೋಯಿತು ಅಂತ ಹೇಳುವುದು ಬೇಡ ಅಂದರು ಈ ಬಾಯಮ್ಮ. ನಾನು ದೀಪ ಮಾತ್ರ ಕುಣಿಯುವ ಹಾಗೆ ಮಾಡಿ, ಹಾಡನ್ನು ಅದರೊಳಗೆ ಹೋಗದ ಹಾಗೆ ಬೇರೆ ವಯರಲ್ಲಿ ನೇರ ತಂದೆ."

ಅಲೋಶಿಯಸರ ಹೊಟ್ಟೆ ನಗುವಿಗೆ ಕುಣಿಯತೊಡಗುತ್ತದೆ.

"ಗೊತ್ತುಂಟು ಮಾರಾಯ್ತಿ! ಎರಡನೇ ದಿನವೇ ಗೊತ್ತಾಯಿತು. ಹತ್ತೂ ಕಡ್ಡಿ ಕೆಳಗೆ ಎಳೆದರೂ ಹಾಡು ಒಂದು ಕೂದಲಷ್ಟೂ ಬದಲಾಗಲಿಲ್ಲ."

"ಮತ್ತೆ ದಿನಾ ಬೇಸ್ ಬೇಸ್ ಅಂತ ಬೊಬ್ಬೆ ಹೊಡೀತಿದ್ದದ್ದು?" ಬೆನೆಡಿಕ್ಟಾ ಸೊಂಟಕ್ಕೆ ಕೈಯಿಟ್ಟಿದ್ದಾರೆ.

"ಇಬ್ಬರು ಹೆಂಗಸರು ಅಷ್ಟು ಕಷ್ಟಪಟ್ಟು ಮುಚ್ಚಿಟ್ಟದ್ದು. ನಾನು ಹೇಳಿದರೆ ನಿನಗೆ ಬೇಸರ ಅಲ್ವಾ? ಈಗಲೂ ಅದಕ್ಕೇ ಮುಟ್ಟಬೇಡ ಅಂದೆ, ಬಿಚ್ಚಿದರೆ ನಿಮ್ಮ ಗುಟ್ಟು ಹೊರಗೆ ಬೀಳ್ತದೆ ಅಂತ!"

ಐದೂ ಪೆಟ್ಟಿಗೆ ಕೆಳಗಿಳಿಯುತ್ತವೆ. ಹದಿನೇಳು ವಯರು ಹೋಗಿ ನಾಲ್ಕು ಉಳಿಯುತ್ತವೆ. ಮನೆಯ ಹಳೆಯ ಕ್ಯಾಸೆಟ್ಟುಗಳ ಹಾಡುಗಳನ್ನೆಲ್ಲ ರತ್ನಾವತಿ ಮೊದಲೇ ಪೆನ್‌ಡ್ರೈವಿಗೆ ಹಾಕಿ ತಂದಿದ್ದಾರೆ. ಬಿಸ್ಕತ್ತು ಡಬ್ಬದಷ್ಟು ದೊಡ್ಡ ಹೊಸ ಪೆಟ್ಟಿಗೆಯನ್ನು ಅವರು ಕಪಾಟಿನಲ್ಲಿ ಇಡುವುದಿಲ್ಲ; ಅಲೋಶಿಯಸರ ಕುರ್ಚಿಯ ಎಡಕ್ಕೆ ಒಂದು ಸ್ಟೂಲು ಎಳೆದು, ಅದರ ಮೇಲಿಡುತ್ತಾರೆ. ತಿರುಗಿಸಲು ಒಂದೇ ಗುಂಡಿ.

ಎಡಗೈ ನಿಧಾನಕ್ಕೆ ಬರುತ್ತದೆ. ಟಿಕ್. ಹಳೆಯ ಸ್ಪೀಕರಿನಿಂದ ಕೊಂಕಣಿ ಹಾಡೊಂದು ಏಳುತ್ತದೆ. "ಈಗ ಕೇಳಿ ಬೇಸ್!" ಎನ್ನುತ್ತಾರೆ ಅಲೋಶಿಯಸ್. ಬೆನೆಡಿಕ್ಟಾ ಸೆರಗಿನಿಂದ ಕಣ್ಣೊರಸಿಕೊಂಡು ಅಡುಗೆಮನೆಗೆ ಹೋಗುತ್ತಾರೆ.

ಮುಂದಿನ ಆಸೆ ಎಂತ ಎಂದು ರತ್ನಾವತಿಯನ್ನು ಕೇಳಿದೆ. "ಈ ಕಿವಿ ಇನ್ನೊಂದು ಹತ್ತು ವರ್ಷ ಬಂದರೆ ಸಾಕು" ಎಂದು ಚೀಲ ಹೆಗಲಿಗೇರಿಸಿದರು. ಕಾರ್ಕಳದ ಬಸ್ಸಿಗೆ ಹೊತ್ತಾಗಿದೆ, ಊಟಕ್ಕೆ ಕೂರುವಂತಿಲ್ಲ.

ಬೆನೆಡಿಕ್ಟಾ ಇಡ್ಲಿಯಂಥ ಸನ್ನಾಸ್, ಕೋಳಿಸಾರು ತುಂಬಿದ ಬುತ್ತಿಡಬ್ಬವನ್ನು ತಂದು ಸ್ಟೂಲಿನ ತುದಿಯಲ್ಲಿಟ್ಟು, ಏನೋ ಮರೆತವರಂತೆ ಒಳಗೆ ಹೋಗುತ್ತಾರೆ. ಹಾಡು ನಡೆದಿದೆ. ಅಲೋಶಿಯಸ್ ಈ ಸಲ ಯಾರನ್ನೂ ಕೂಗುವುದಿಲ್ಲ. ಬುತ್ತಿಡಬ್ಬದ ಹಿಡಿಯನ್ನು ಎಡಗೈಯಲ್ಲಿ ಎತ್ತಿ ಮುಂದೆ ಚಾಚುತ್ತಾರೆ. ರತ್ನಾವತಿ ಚೀಲ ಕೆಳಗಿಟ್ಟು, ಎರಡೂ ಕೈಯಲ್ಲಿ ತೆಗೆದುಕೊಳ್ಳುತ್ತಾರೆ.