ಕೂಸಿನ ಔಷಧ, ತಾಯಿಯ ಪಥ್ಯ

ಬಳ್ಳಾರಿ ಇನ್ನೂ ಮದರಾಸಿಗೆ ಸೇರಿದ್ದ ಕಾಲ. ಹೊಸ ಡಾಕ್ಟರುಗಳನ್ನು ಕುರುಗೋಡು, ಸಿರುಗುಪ್ಪದ ದವಾಖಾನೆಗಳಿಗೆ ಕರೆದೊಯ್ದು, ಹಳ್ಳಿಯ ಮಕ್ಕಳನ್ನು ನೋಡುವುದು ಹೇಗೆಂದು ಕಲಿಸುವ ಕೆಲಸ ನನ್ನ ಕೊರಳಿಗೆ ಬಿದ್ದಿತ್ತು. ಕಾಯಿಲೆಗಳ ಹೆಸರೆಲ್ಲ ಅವರಿಗೆ ಬಾಯಿಪಾಠ. ಕಾಯಿಲೆ ಬಿದ್ದ ಮನೆಯ ಬಗ್ಗೆ ಮಾತ್ರ ಗಂಧಗಾಳಿ ಇಲ್ಲ. ಹೇಳಿ ಹೇಳಿ ನನ್ನ ಗಂಟಲು ಹರಿದಿತ್ತು.

ಅವರಲ್ಲೊಬ್ಬ ಬಳ್ಳಾರಿಯ ಬ್ರೂಸ್‌ಪೇಟೆಯಲ್ಲೇ ಹುಟ್ಟಿ ಬೆಳೆದವನು. ಯಾವ ಔಷಧ ಕೊಟ್ಟರೂ ಜೊತೆಗೆ 'ಪಥ್ಯ ಮಾಡ್ರಿ' ಎನ್ನುವ ಚಾಳಿ ಅವನದು. ಸಿರುಗುಪ್ಪದಲ್ಲಿ ಭೇದಿಯಾಗಿದ್ದ ಒಂದು ಎಳೆಗೂಸಿಗೂ ಹಾಗೇ ಹೇಳಿ ಕಳಿಸಿದ. ಮೊಲೆಹಾಲು ಕುಡಿಯುವ ಕೂಸಿನ ಪಥ್ಯವನ್ನು ಈ ಕಡೆ ತಾಯಿ ಮಾಡುತ್ತಾಳೆಂದು ಅವನಿಗೆ ಎಷ್ಟು ಸಲ ಹೇಳಿದ್ದೆನೋ. ತಲೆಯಾಡಿಸಿದ್ದ, ಅಷ್ಟೇ.

ಮುಂದಿನ ವಾರ ತಾಯಿ ದವಾಖಾನೆಗೆ ಬರಲಿಲ್ಲ. ಅವನನ್ನು ಎಳೆದುಕೊಂಡು ಅವಳ ಊರು ದೇಶನೂರಿಗೆ ಹೋದೆ. ಬರೀ ಗಂಜಿತಿಳಿ ಕುಡಿದು ಅವಳ ಹಾಲು ಬತ್ತಿತ್ತು. ಕೂಸಿಗೆ ಅಳುವ ತ್ರಾಣವೂ ಇರಲಿಲ್ಲ.

"ಮೊದಲ ಊಟ ಮಾಡವ್ವ" ಎಂದೆ.

ಅವಳ ಅತ್ತೆ ಅಡ್ಡ ಬಂದಳು. "ಪಥ್ಯ ಹೇಳಿದವರೇ ಬಿಡಸಬೇಕ್ರಿ, ಡಾಕ್ಟರಮ್ಮಾರ."

ಅವನ ಕಡೆ ತಿರುಗಿದೆ. ಪುಷ್ಟಿಕರ ಆಹಾರ ಎಂದೇನೋ ತೊದಲಿದ. ನನಗೆ ಮೈಯೆಲ್ಲ ಉರಿಯಿತು.

"ರೊಟ್ಟಿ ಅನ್ನಪ್ಪಾ. ಬ್ಯಾಳಿ ಅನ್ನು. ಮಜ್ಜಿಗಿ ಅನ್ನು."

ಅವನು ಹಾಗೇ ಅಂದ. ಅತ್ತೆ ತಟ್ಟೆ ತಂದಿಟ್ಟು, ಔಷಧದ ಸೀಸೆಯನ್ನು ಅವನ ಕೈಗೆ ವಾಪಸು ಕೊಟ್ಟಳು.

"ಪಥ್ಯ ಬಿಟ್ಟಮ್ಯಾಲೆ ಇದನ್ನ ಹ್ಯಾಂಗ ಕುಡಸೂದ್ರಿ? ಕೂಸಿಗೆ ವಿಷ ಆಕ್ಕೈತಿ."

ನಾನು ಹಣೆ ಚಚ್ಚಿಕೊಂಡೆ. ಅವನು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ತಾನೇ ಔಷಧ ಕುಡಿಸಿದ. "ಆಕಿ ಉಣ್ಣಲಿ. ನಾ ಇಲ್ಲೇ ಇರತೀನ್ರಿ" ಎಂದ.

ತಾಯಿ ರೊಟ್ಟಿ ಮುರಿದಳು. ಒಂದೊಂದು ತುತ್ತಿಗೂ ಕೂಸಿನ ಮುಖ ನೋಡುತ್ತಿದ್ದಳು. ತಾನು ಉಂಡರೆ ಅದು ಸಾಯುತ್ತದೆಂಬ ಭಯ ಅವಳಿಗೆ. ಕಣ್ಣೀರು ತಟ್ಟೆಗೆ ಬೀಳುತ್ತಿತ್ತು. ಬೈಯಲು ಬಾಯಿ ತೆರೆದ ನನಗೆ ಯಾರನ್ನು ಬೈಯಬೇಕೆಂದೇ ತಿಳಿಯಲಿಲ್ಲ.

ಅವಳಿಗೆ ಹಾಲು ಬರುವವರೆಗೆ ಕೂಸಿಗೆ ಆಕಳ ಹಾಲು ಕಾಯಿಸಿ ಹನಿಸುವ ಕೆಲಸವನ್ನೂ ಅವನಿಗೇ ಹಚ್ಚಿ ಸಿಟ್ಟಿನಲ್ಲೇ ಸಿರುಗುಪ್ಪಕ್ಕೆ ಬಂದೆ. ಕೆಲವು ದಿನ ಬಿಟ್ಟು ಅವನು ದವಾಖಾನೆಗೆ ಬಂದ. ಕೂಸು ಹೇಗಿದೆ ಎಂದು ಕೇಳಿದೆ.

"ಹಾಲು ಬಂತ್ರಿ, ಕೂಸು ಕುಡೀತೈತಿ" ಎಂದ. ಮತ್ತೆ ಹೇಳಿದ: "ಈಗ ಆಕಿ ಕೂಸಿನ ಮಾರಿ ನೋಡದೇ ಉಣ್ಣಾಕತ್ಯಾಳ್ರಿ."